ಲಟ್ಟಣಿಗೆ ಇರುವ ಜಾಗ

ಅಡುಗೆಮನೆಯ ಸಾಮಾನುಗಳಿಗೆಲ್ಲ ಒಂದೊಂದು ಹೆಸರಿದೆ ಎಂಬುದನ್ನು ನಾನು ಅರವತ್ತು ದಾಟುವವರೆಗೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ‘ಅದು ಕೊಡು’, ‘ಇದು ಎಲ್ಲಿದೆ’ ಎಂಬಷ್ಟರಲ್ಲೇ ಸಂಸಾರ ಸುಖವಾಗಿ ಸಾಗಿತ್ತು. ಅಷ್ಟರಲ್ಲಿ ನನ್ನ ತಲೆಯ ಎಡಭಾಗದಲ್ಲಿ, ಮಾತಿನ ಜಾಗದ ಪಕ್ಕದಲ್ಲೇ, ಒಂದು ಗೆಡ್ಡೆ ಕೆರೆ ಒತ್ತುವರಿ ಮಾಡಿದವರ ಹಾಗೆ ಬಂದು ಕೂತಿತು. ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯ ಡಾಕ್ಟರು ವಿವರಿಸಿದರು. ಬುರುಡೆ ತೆರೆದು, ನನ್ನನ್ನು ಎಚ್ಚರವಾಗಿಟ್ಟು, ಮಿದುಳಿಗೆ ಅಲ್ಲಲ್ಲಿ ಸಣ್ಣಗೆ ಕರೆಂಟು ಮುಟ್ಟಿಸುತ್ತಾರೆ. ಆಗ ನಾನು ಚಿತ್ರ ನೋಡಿ ಹೆಸರು ಹೇಳುತ್ತಿರಬೇಕು. ಎಲ್ಲಿ ಮುಟ್ಟಿದಾಗ ಮಾತು ನಿಲ್ಲುತ್ತದೋ ಆ ಜಾಗವನ್ನು ಕತ್ತರಿಸದೆ ಬಿಡುತ್ತಾರೆ. ಮಿದುಳಿಗೆ ನೋವೇ ಗೊತ್ತಾಗುವುದಿಲ್ಲವಂತೆ. ನನಗೆ ಹೆದರಿಕೆಯಿದ್ದದ್ದು ನೋವಿಗಲ್ಲ, ಮೂಕನಾಗಿ ಮನೆಗೆ ಬರುವುದಕ್ಕೆ. ಹನುಮಂತನಗರದ ಬಸ್‌ಸ್ಟಾಪಿನಲ್ಲಿ ಗುರುತಿಲ್ಲದವರನ್ನೂ ಹಿಡಿದು ನಿಲ್ಲಿಸಿ ಮಾತಾಡಿಸುವ ಮನುಷ್ಯ ನಾನು.

ಮೊದಲು ಕರೆಂಟಿಲ್ಲದೆ ಒಂದು ಅಭ್ಯಾಸ ನಡೆಯಿತು. ಸ್ಕೂಟರು, ಛತ್ರಿ, ಆನೆ ಎಲ್ಲ ಸರಾಗವಾಗಿ ಬಂದವು. ಆಮೇಲೆ ಅಡುಗೆಮನೆ ಶುರುವಾಯಿತು. ಸೌಟಿಗೆ ‘ದೊಡ್ಡ ಚಮಚ’ ಎಂದೆ, ಜರಡಿಗೆ ‘ತೂತಿನ ತಟ್ಟೆ’ ಎಂದೆ, ಲಟ್ಟಣಿಗೆ ಬಂದಾಗ ಸುಮ್ಮನಾದೆ. ಡಾಕ್ಟರ ಮುಖ ಗಂಭೀರವಾಯಿತು. ಗೆಡ್ಡೆ ಆಗಲೇ ಪದಗಳನ್ನು ತಿನ್ನುತ್ತಿರಬೇಕೆಂದು ಜೊತೆಯವರಿಗೆ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ಮೂಲೆಯಲ್ಲಿ ಕೂತಿದ್ದ ನನ್ನ ಹೆಂಡತಿ ಶಾರದೆ ಮೆಲ್ಲಗೆ ಹೇಳಿದಳು: “ಅದು ಕಾಯಿಲೆ ಅಲ್ಲ ಸಾರ್. ಮದ್ವೆ ಆದಾಗಿಂದ್ಲೂ ಹೀಗೇನೇ.”

ಹಾಗಾದರೆ ಆ ಚಿತ್ರಗಳನ್ನು ತೆಗೆದುಬಿಡೋಣ ಎಂದರು ಡಾಕ್ಟರು. ಮಾತು ಕರೆಂಟಿನಿಂದ ನಿಂತಿತೋ ಅಜ್ಞಾನದಿಂದ ನಿಂತಿತೋ ಅವರಿಗೆ ತಿಳಿಯಬೇಕಲ್ಲ. ಶಾರದೆ ಒಪ್ಪಲಿಲ್ಲ, ತಾನು ಕಲಿಸುತ್ತೇನೆಂದಳು. ಆ ವಾರವೆಲ್ಲ ನನ್ನನ್ನು ಒಲೆಯ ಪಕ್ಕ ನಿಲ್ಲಿಸಿ, ಒಂದೊಂದನ್ನೂ ಎತ್ತಿ ಹಿಡಿದು ಹೆಸರು ಕೇಳಿದಳು. ತಪ್ಪಿದರೆ ಕಾಫಿಯಿಲ್ಲ. ತಲೆನೋವಿನ ಜೊತೆಗೆ ಕಾಫಿಯಿಲ್ಲದ ತಲೆನೋವೂ ಸೇರಿ, ಅಂತೂ ಪಾಸಾದೆ.

ಆಪರೇಷನ್ನಿನ ದಿನ ಹಸಿರು ಬಟ್ಟೆಯ ಕೆಳಗೆ ಮಲಗಿ ಸೌಟು, ಜರಡಿ, ಇಕ್ಕಳ ಎಂದು ಒಪ್ಪಿಸುತ್ತಾ ಹೋದೆ. ಲಟ್ಟಣಿಗೆ ಬಂತು. ಅದೇನೆಂದು ಚೆನ್ನಾಗಿ ಗೊತ್ತು, ಅದನ್ನು ಎತ್ತಿ ಹಿಡಿದ ಶಾರದೆಯ ಕೈ ಕೂಡ ಕಣ್ಣೆದುರಿಗಿದೆ, ನಾಲಗೆ ಮಾತ್ರ ಏಳಲಿಲ್ಲ. ಅಷ್ಟು ಭಯ ನಾನು ಯಾವತ್ತೂ ಪಟ್ಟಿಲ್ಲ. ಡಾಕ್ಟರು ಕರೆಂಟು ತೆಗೆದರು. “ಲಟ್ಟಣಿಗೆ” ಎಂದೆ, ಎಂದು ಅತ್ತೇಬಿಟ್ಟೆ. ಜಾಗ ಸಿಕ್ಕಿತು, ಇಲ್ಲಿ ಯಾರೂ ಮುಟ್ಟಬೇಡಿ ಎನ್ನುತ್ತಾ ಅವರು ಅಲ್ಲೊಂದು ಪುಟ್ಟ ಚೀಟಿ ಇಟ್ಟರು.

ಈಗ ನನ್ನ ಮಾತು ಮೊದಲಿನಷ್ಟೇ ಇದೆ, ಬೇಕಾದರೆ ಬಸ್‌ಸ್ಟಾಪಿನವರನ್ನು ಕೇಳಿ. ಮೊನ್ನೆ ಶಾರದೆ ಚಪಾತಿ ಹಿಟ್ಟು ನಾದುತ್ತಾ ಲಟ್ಟಣಿಗೆ ಕೊಡಲು ಹೇಳಿದಳು. ಹೆಸರು ಗೊತ್ತೆಂಬ ಹೆಮ್ಮೆಯಲ್ಲೇ ಎದ್ದೆ. ಅಡುಗೆಮನೆಯೆಲ್ಲ ತಡಕಿದರೂ ಸಿಗಲಿಲ್ಲ. ಸಾಮಾನು ಹುಡುಕುವ ಜಾಗ ಆಪರೇಷನ್ನಿನಲ್ಲಿ ಹೋಗಿರಬೇಕು ಎಂದೆ. ಶಾರದೆ ನನ್ನ ಮೂಗಿನ ಮುಂದಿದ್ದ ಲಟ್ಟಣಿಗೆಯನ್ನು ಕೈಗೆತ್ತಿಕೊಂಡಳು.

“ಆ ಜಾಗ ಮುಟ್ಟೇ ಇಲ್ವಂತೆ ರೀ. ಡಾಕ್ಟ್ರನ್ನ ಆವತ್ತೇ ಕೇಳ್ಕೊಂಡು ಬಂದಿದೀನಿ.”