ಮಧ್ಯಾಹ್ನ ಎರಡಕ್ಕೆ ಬೆಳಗಾಗುವ ಮನೆ

ಜಗಳೂರಿನಲ್ಲಿರುವ ನಮ್ಮ ಸೋದರಮಾವನ ಮನೆಯಲ್ಲಿ ಸುಮಾರು ಒಂದು ವರ್ಷ ಮಧ್ಯಾಹ್ನ ಎರಡು ಗಂಟೆಗೆ ಬೆಳಗಾಗುತ್ತಿತ್ತು! ನಗಬೇಡಿ. ಡೈರಿಯಲ್ಲಿ ಬರೆದಿಡದೆ ಹೋಗಿದ್ದರೆ ನಾನೂ ನಂಬುತ್ತಿರಲಿಲ್ಲ. ನನ್ನ ನೆನಪಿನ ಮೇಲೆ ನನಗೇ ಅಷ್ಟು ಭರವಸೆಯಿಲ್ಲ.

ಮಾವನ ಅಪ್ಪ, ಅಂದರೆ ನಮ್ಮಜ್ಜ, ಒಂದು ಬೆಳಗಿನ ಜಾವ ಹಿತ್ತಲಲ್ಲಿ ಚೊಂಬು ಹಿಡಿದೇ ಕುಸಿದಿದ್ದರು. ಮಾವನ ಅಣ್ಣ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಿದ್ದರು. ಇಬ್ಬರಿಗೂ ಲಕ್ವ, ಇಬ್ಬರಿಗೂ ಆರು ಗಂಟೆಯ ಆಸುಪಾಸು. ಮನೆಯವರು ಎದ್ದು ನೋಡುವಷ್ಟರಲ್ಲಿ ಕೈಮೀರಿತ್ತು. ಮುಂದಿನ ಸರದಿ ತನ್ನದೇ ಎಂದು ಮಾವ ಹೆದರಿದ್ದು ಸಹಜವೇ. ಬಿಪಿ ತೋರಿಸಲು ಹೋದಾಗ ಡಾಕ್ಟರು, "ಬೆಳಿಗ್ಗೆ ಏಳೋ ಹೊತ್ತಿಗೆ ಬಿಪಿ ತಾನೇ ಏರ್ತೈತೆ, ಸ್ಟ್ರೋಕ್ ಆಗೋದು ಆವಾಗ್ಲೇ ಜಾಸ್ತಿ. ಮಾತ್ರೆ ತಪ್ಪಿಸಬೇಡ್ರಿ" ಅಂದರು. ಮಾವ ಮೊದಲನೇ ಮಾತನ್ನಷ್ಟೇ ಮನೆಗೆ ತಂದರು.

ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರಲ್ಲವೇ? ಉಪಾಯವೂ ಅಲ್ಲಿಂದಲೇ ಬಂತು.

"ಆರರ ಬಸ್ಸಿಗೆ ಬರೋನು ಆರಕ್ಕೇ ಬರ್ತಾನೆ. ನಾವು ಬಸ್ಸನ್ನೇ ಎರಡಕ್ಕೆ ಹಾಕಿಬಿಟ್ರೆ? ಕಾದು ಕಾದು ವಾಪಸ್ ಹೋಗ್ತಾನೆ!"

"ಯಾರು ಮಾವ?"

"ಯಾರು ಅಂತೀಯಲ್ಲವ್ವಾ, ಓದಿದೋಳು!" ಅಂದವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಮ್ಮಪ್ಪನ್ನ ಕರಕೊಂಡು ಹೋದೋನು."

ಅಂದಿನಿಂದ ಊರು ಏಳುವ ಹೊತ್ತಿಗೆ ಮಾವ ಮಲಗುತ್ತಿದ್ದರು. ಕಿಟಕಿಗಳಿಗೆಲ್ಲ ಗೋಣಿತಟ್ಟು, ಅದರ ಮೇಲೆ ಕಪ್ಪು ಕಂಬಳಿ. ಉರಿಬಿಸಿಲಿಗೆ ಬೀದಿಯೆಲ್ಲ ಬಿಕೋ ಎನ್ನುವಾಗ, ಎರಡಕ್ಕೆ ಸರಿಯಾಗಿ, ಆ ಕತ್ತಲ ಮನೆಯೊಳಗಿಂದ ಕೋಳಿ ಕೂಗುತ್ತಿತ್ತು! ಮೊಬೈಲ್ ಅಲಾರಂ. ಕೇಳಿದ ಬೀದಿನಾಯಿಗಳು ಊಳಿಡುತ್ತಿದ್ದವು. ಅಷ್ಟರೊಳಗೆ ಅತ್ತೆ ಅಂಗಳಕ್ಕೆಲ್ಲ ನೀರು ಹಾಕಿ ತೊಳೆದಿರಬೇಕು, ಆಮೇಲೆ ಮಾವ ಸ್ನಾನ ಮಾಡಿ ಲಿಂಗಪೂಜೆಗೆ ಕೂರಬೇಕು.

ಒಂದು ದಿನ ಸೊಕ್ಕೆಯಿಂದ ಮಾವನ ಹಳೆಯ ಸ್ನೇಹಿತರೊಬ್ಬರು ಬಂದರು. ಕಿಟಕಿ ಮುಚ್ಚಿದ ಮನೆ, ನಡುಮಧ್ಯಾಹ್ನ ಅಂಗಳ ತೊಳೆಯುತ್ತಿರುವ ಹೆಂಗಸು! ಹೆಣ ಹೊರಟ ಮೇಲಲ್ಲದೆ ಆ ಹೊತ್ತಿನಲ್ಲಿ ಯಾರು ಅಂಗಳ ತೊಳೆಯುತ್ತಾರೆ? ಪಾಪ, ಜಗಲಿಯ ಮೇಲೆ ಕುಸಿದು ಟವೆಲ್ ಬಾಯಿಗಿಟ್ಟುಕೊಂಡರು. "ಯಾವಾಗ ಎತ್ತಿದ್ರವ್ವಾ? ನಂಗೊಂದು ಮುಖ ತೋರಿಸಬಾರ್ದಿತ್ತಾ?"

ಒಳಗೆ ಕೋಳಿ ಕೂಗಿತು. ಬಾಗಿಲು ತೆರೆಯಿತು. ಹಿಂದಿನ ದಿನದ ವಿಭೂತಿ, ಮಂಕಿ ಕ್ಯಾಪು, ಕೈಯಲ್ಲಿ ಬ್ರಷ್ಷು ಸಮೇತ ಮಾವ ನಿಂತಿದ್ದರು. "ಯಾವನೋ ಅದು, ಬೆಳಿಗ್ಗೆ ಬೆಳಿಗ್ಗೇನೇ ಅಳೋದು?"

ಸ್ನೇಹಿತರ ಒಂದು ಚಪ್ಪಲಿ ಅಂಗಳದಲ್ಲೇ ಉಳಿಯಿತು!

ಆ ವರ್ಷದ ಕೊನೆಗೆ ನಾನು ಚನ್ನಗಿರಿಯಿಂದ ಹೋಗಿ ಅಲ್ಲಿ ನಾಲ್ಕು ದಿನ ಇದ್ದೆ. ಮೊದಲೆರಡು ದಿನ ನಕ್ಕೆ. ಮೂರನೇ ದಿನ, ಬಯಲುಸೀಮೆಯ ಏಪ್ರಿಲ್ಲಿನಲ್ಲಿ, ಎರಡು ಗಂಟೆಗೆ ನನಗೆ ಜಾವದ ಚಳಿಯಾಗಿ ಶಾಲು ಹೊದ್ದೆ. ಹೀಗೆಂದು ನೆನಪು. ನೆನಪು ಕಥೆ ಕಟ್ಟಿರಬಹುದಲ್ಲ ಎಂದು ಡೈರಿ ತೆಗೆದು ನೋಡಿದೆ. ಶಾಲಿನ ಮಾತೇ ಇಲ್ಲ. ಆದರೆ ನನ್ನದೇ ಅಕ್ಷರದಲ್ಲಿ, ಹೊಡೆದುಹಾಕದೆ, "ಬೆಳಿಗ್ಗೆ ಎರಡು ಗಂಟೆ" ಎಂದಿದೆ. ಎಷ್ಟು ಬೇಗ ನಂಬಿಬಿಟ್ಟಿತ್ತು ನನ್ನ ಮೈ!

ನಾಲ್ಕನೇ ದಿನ ಮಾವ ಎದ್ದು ಬಂದು ನೀರು ಕುಡಿಯುತ್ತಿದ್ದರು. ನೀರು ಬಲಗಡೆಯ ತುಟಿಯಿಂದ ಮೆಲ್ಲಗೆ ಹೊರಗೆ ಇಳಿಯಿತು. ಅತ್ತೆ ಪಾತ್ರೆ ಕೆಳಗಿಟ್ಟು ಹತ್ತಿರ ಬಂದರು.

"ಏನ್ರೀ, ಒಂಚೂರು ನಗ್ರಿ ನೋಡಾನ."

ಮಾವ ನಕ್ಕರು. ಅರ್ಧ ಮುಖ ಮಾತ್ರ ನಕ್ಕಿತು. ಉಳಿದರ್ಧ ಯಾರದೋ ಮುಖದಂತೆ ನಮ್ಮನ್ನು ಸುಮ್ಮನೆ ನೋಡುತ್ತಿತ್ತು.

ಪಕ್ಕದ ಮನೆಯ ಕಾರಿನವನು ಊಟ ಮುಗಿಸಿ ಕೈತೊಳೆಯುತ್ತಿದ್ದ. ಹಾಗೇ ಒದ್ದೆ ಕೈಯಲ್ಲಿ ಸ್ಟೇರಿಂಗ್ ಹಿಡಿದ. ದಾವಣಗೆರೆ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಆಯಿತು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನೂ ಆಯಿತು. ಆಮೇಲೆ ಅಲ್ಲಿನ ಡಾಕ್ಟರಿಗೆ ಮಾವನ ಹೊಸ ವೇಳಾಪಟ್ಟಿ ವಿವರಿಸಿದೆ. ಅವರು ನಗಲಿಲ್ಲ.

"ಖಂಡಿತ ಅಂತ ಹೇಳಾಕೆ ಬರಲ್ಲಮ್ಮ. ಆದ್ರೆ ಇವರ ಮೈಗೆ ಎರಡು ಗಂಟೇನೇ ಬೆಳಗು ಆಗಿದ್ರೂ ಆಗಿರಬಹುದು."

ಹಾಗಾದರೆ, ಬಸ್ಸು ಬದಲಾದದ್ದು ಅವನಿಗೂ ಗೊತ್ತಾಗಿತ್ತೇ?

"ಆದ್ರೆ ಟೈಮಿಗೆ ಸರಿಯಾಗಿ ಕರಕೊಂಡು ಬಂದ್ರಿ" ಎಂದರು ಡಾಕ್ಟರು. "ಕಣ್ಣೆದುರಿಗೇ ಆಗಿದ್ದಕ್ಕೆ ಉಳಕೊಂಡ್ರು. ಮೊದಲು ನೋಡಿದ್ದು ಯಾರು?"

ಅತ್ತೆ. ಆಗ ನನಗೆ ಹೊಳೆಯಿತು. ಮಾವ ಎಚ್ಚರ ಇದ್ದಾಗಲೆಲ್ಲ ಅತ್ತೆ ಎಚ್ಚರ ಇರುತ್ತಿದ್ದರು. ಮಾವ ಮಲಗಿದ ಮೇಲೆ ಹಾಲಿನವನು, ನೆಂಟರು, ಸಂತೆ ಎಂದು ಊರಿನ ಹಗಲು ಶುರು. ಮಾವನನ್ನು ಕಂಡು ನಕ್ಕ ನಾವ್ಯಾರೂ ಈ ಒಂದು ಪ್ರಶ್ನೆ ಕೇಳಿರಲಿಲ್ಲ.

"ಅತ್ತೆ, ನೀವು ಯಾವಾಗ ಮಲಗ್ತಿದ್ರಿ?"

"ನಂದೇನು ಬಿಡವ್ವಾ, ಆವಾಗೀವಾಗ. ಮಲಗಿದಾಗ ಉಸಿರು ನೋಡಬೇಕು, ಎದ್ದಾಗ ಮುಖ ನೋಡಬೇಕು. ಇಬ್ರೂ ಮಲಗಿದ್ರೆ ನೋಡೋರು ಯಾರು?"

ಮಂಚದಿಂದ ತೊದಲು ದನಿ ಬಂತು. ಮಾವ ಸ್ವಾಧೀನವಿದ್ದ ಎಡಗೈ ಎತ್ತಿ ನೆಲದ ಚಾಪೆ ತೋರಿಸುತ್ತಿದ್ದರು.

"ಮಲ... ಮಲಕ್ಕೋ. ನಾ ಎಚ್ಚರ ಇರ್ತೀನಿ."

ಅತ್ತೆ ಮಲಗಿದರು. ತಲೆ ಇಟ್ಟದ್ದೇ ತಡ, ನಿದ್ದೆ. ಬಿಪಿ ನೋಡಲು ಬಂದ ನರ್ಸಮ್ಮ ಬಾಗಿಲಲ್ಲೇ ಗಟ್ಟಿಯಾಗಿ ಏನೋ ಕೇಳಿದಳು. ಮಾವ ಪೂರ್ತಿ ಮುಚ್ಚಲಾರದ ತುಟಿಗಳ ಮೇಲೆ ಬೆರಳಿಟ್ಟು, ಚಾಪೆಯ ಕಡೆ ಕಣ್ಣು ಮಾಡಿದರು.