ಇಪ್ಪತ್ತು ನಿಮಿಷದ ಪರೀಕ್ಷೆ

ಇಪ್ಪತ್ತೈದು ವರ್ಷ ಊರ ಮಕ್ಕಳಿಗೆಲ್ಲ ಅಂಕ ಹಾಕಿದವನಿಗೆ, ಯಾರಾದರೂ ತನಗೂ ಒಮ್ಮೆ ಅಂಕ ಹಾಕಲಿ ಎಂಬ ಚಪಲ ಹುಟ್ಟುತ್ತದೆ. ನನಗಂತೂ ಹುಟ್ಟಿತು. ಅಥಣಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ಐವತ್ತನೆಯ ವಯಸ್ಸಿಗೆ ಗೇರಿನ ಸೈಕಲ್ ಹತ್ತಿದೆ. ಮರುವರ್ಷವೇ ಅದರ ಪೆಡಲಿಗೆ ಪವರ್ ಮೀಟರ್ ಹಾಕಿಸಿದೆ. ಕಾಲು ಎಷ್ಟು ಜೋರಾಗಿ ತುಳಿಯುತ್ತಿದೆ ಎಂಬುದನ್ನು ಹ್ಯಾಂಡಲ್ ಮೇಲಿನ ಪುಟ್ಟ ಪರದೆಗೆ ವ್ಯಾಟಿನ ಲೆಕ್ಕದಲ್ಲಿ ಚಾಡಿ ಹೇಳುವುದು ಅದರ ಕೆಲಸ. ಎದುರುಗಾಳಿ ಇತ್ತು, ರಾತ್ರಿ ಊಟ ಹೆಚ್ಚಾಗಿತ್ತು ಎಂಬ ಯಾವ ಸಬೂಬನ್ನೂ ಅದು ಕೇಳುವುದಿಲ್ಲ. ನನ್ನ ಹೆಂಡತಿಯೂ ಕೇಳುವುದಿಲ್ಲವಾದ್ದರಿಂದ ಅಭ್ಯಾಸವಾಗಲು ತಡವಾಗಲಿಲ್ಲ.

ನಮ್ಮೂರಿನ ಭಾನುವಾರದ ಸೈಕಲ್ ಬಳಗದಲ್ಲಿ ಎರಡು ಗುಂಪು, ಮುಂದಿನದು ಮತ್ತು ಹಿಂದಿನದು. ಮುಂದಿನ ಗುಂಪಿಗೆ ಸೇರಬೇಕೆಂಬುದು ನನ್ನ ಹಟ. ಬಳಗದ ಮುಖಂಡ ಹಲ್ಲಿನ ಡಾಕ್ಟರ್ ಮಹಾವೀರ, ನನ್ನ ಹಳೆಯ ವಿದ್ಯಾರ್ಥಿ. ಇಪ್ಪತ್ತು ನಿಮಿಷ ಜೀವ ಬಿಟ್ಟು ತುಳಿದು, ಬಂದ ಸರಾಸರಿಯಲ್ಲಿ ನೂರಕ್ಕೆ ಐದು ಕಳೆಯಬೇಕು, ಉಳಿದದ್ದು ಇನ್ನೂರಾದರೆ ಮುಂದಿನ ಗುಂಪು ಎಂದ. “ನಡುವ ನಿಂದರಬಾರದ್ರಿ ಸರ” ಎಂದೂ ಸೇರಿಸಿದ.

ಹೇಳುವುದು ಸುಲಭ. ಸಪಾಟಾಗಿ ಸಿಗುವುದು ಐಗಳಿ ರಸ್ತೆಯೊಂದೇ, ಐಗಳಿಯೋ ಹೆಂಡತಿಯ ತವರು. ಮೊದಲ ಶನಿವಾರ ಹನ್ನೆರಡನೆಯ ನಿಮಿಷಕ್ಕೆ ಅವಳ ಸೋದರಮಾವ ಅಣ್ಣಾಸಾಹೇಬರು ದ್ರಾಕ್ಷಿ ತೋಟದ ಬಾಗಿಲಲ್ಲಿ ನಿಂತು ಚಹಾಕ್ಕೆ ಕೈ ಮಾಡಿದರು. ಪರದೆಯಲ್ಲಿ ಇನ್ನೂರ ಹದಿನೈದು ಕುಣಿಯುತ್ತಿತ್ತು. ತಲೆ ಬಗ್ಗಿಸಿ ಹೊರಟುಬಿಟ್ಟೆ. ಹದಿನೈದನೆಯ ನಿಮಿಷಕ್ಕೆ ಜೇಬಿನಲ್ಲಿ ಫೋನು.

“ಏನ್ರಿ, ಮಾಮಾ ಕರದ್ರ ನೋಡದಂಗ ಹ್ವಾದ್ರಂತ? ಸೈಕಲ್ ಹತ್ತಿದ ಮ್ಯಾಲ ಭಾಳ ಸೊಕ್ಕ ಬಂದೈತೇನು?”

ತಿರುಗಿ ಬಂದು ಎರಡು ಕಪ್ ಚಹಾ ಕುಡಿದು, ಜೇಬು ತುಂಬ ಒಣದ್ರಾಕ್ಷಿ ಇಸಿದುಕೊಂಡು ಮನೆ ಸೇರಿದೆ. ಪರೀಕ್ಷೆ ರದ್ದಾಯಿತು.

ನನ್ನ ಸಪ್ಪೆ ಮುಖ ನೋಡಿ ಹೆಂಡತಿಗೆ ಕನಿಕರ ಹುಟ್ಟಿರಬೇಕು. ಬರುವ ಶನಿವಾರ ಇವರಿಗೆ ಪರೀಕ್ಷೆ ಇದೆ, ಯಾರೂ ಚಹಾಕ್ಕೆ ಕರೆಯಬೇಡಿ ಎಂದು ದಾರಿಯುದ್ದಕ್ಕೂ ಇದ್ದ ಬೀಗರಿಗೆಲ್ಲ ತಾನೇ ಫೋನು ಮಾಡಿದಳು. ಪರೀಕ್ಷೆ ಎಂದರೆ ನಮ್ಮ ಜನಕ್ಕೆ ಬಹಳ ಮರ್ಯಾದೆ. ಆ ದಿನ ಒಬ್ಬರೂ ಕರೆಯಲಿಲ್ಲ. ಆದರೆ ಮನೆಯ ಅಳಿಯ ಬಾಗಿಲ ಮುಂದೆ ಹಾದುಹೋಗುವಾಗ ಮಾತಾಡಿಸದೆ ಬಿಡುವುದು ಹೇಗೆ? ಅಣ್ಣಾಸಾಹೇಬರು ಮೋಟಾರ್‌ಸೈಕಲ್ ಚಾಲೂ ಮಾಡಿಕೊಂಡೇ ಕಾದಿದ್ದರು.

“ನೀವು ನಿಂದರಬ್ಯಾಡ್ರಿ ಅಳಿಯಾರ. ನಾನs ಜೋಡಿ ಬರತೇನಿ.”

ಬಂದರು. ಮಂಡಿನೋವು, ದ್ರಾಕ್ಷಿಗೆ ಬಿದ್ದ ರೋಗ, ಹತ್ತನೇ ಮುಗಿಸಿದ ಮೊಮ್ಮಗಳು ಸೈನ್ಸ್ ತಗೋಬೇಕೋ ಕಾಮರ್ಸೋ, ಎಲ್ಲ ಬಂತು. ಹಿರಿಯರು ಕೇಳುವಾಗ ಬಾಯಿ ಬಿಡದೆ ತುಳಿಯುವುದು ನನ್ನಿಂದಾಗದು. ಬರೀ ಹ್ಞೂಂ ಅನ್ನುವುದೂ ಆಗದು, ಮಾಸ್ತರಿಕೆಯ ಚಟ ನೋಡಿ. ಎರಡೂ ಕೋರ್ಸುಗಳ ಗುಣದೋಷಗಳನ್ನು ಉದಾಹರಣೆ ಸಮೇತ ವಿವರಿಸುವಷ್ಟರಲ್ಲಿ ಗಡಿಯಾರ ಇಪ್ಪತ್ತು ನಿಮಿಷ ತೋರಿಸಿತು. ಸರಾಸರಿ ನೂರ ಅರವತ್ತು. ಐದು ಪರ್ಸೆಂಟ್ ಕಳೆದರೆ ನೂರ ಐವತ್ತೆರಡು. ಲೆಕ್ಕವನ್ನು ಮೂರು ಸಲ ಮಾಡಿದೆ, ಗಣಿತ ನನ್ನ ಪರ ನಿಲ್ಲಲಿಲ್ಲ.

ಮರುದಿನ ಮಹಾವೀರನಿಗೆ ನಡೆದದ್ದನ್ನೆಲ್ಲ ಹೇಳಿ, ಸ್ವಲ್ಪ ರಿಯಾಯಿತಿ ಸಿಕ್ಕೀತೇನೋ ಎಂದು ಮುಖ ನೋಡಿದೆ. ಅವನು ನಗಲಿಲ್ಲ.

“ಈ ಪರೀಕ್ಷಾದಾಗ ಮಾತಾಡಾಕ ಉಸರs ಇರಬಾರದ್ರಿ ಸರ. ಮಾತಾಡೀರಿ ಅಂದ ಮ್ಯಾಲ ಹಿಂದ ಹೋಗ್ರಿ.”

ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಹಿಂದಿನ ಗುಂಪು ಸುಖವಾದ ಗುಂಪು. ಅಣ್ಣಾಸಾಹೇಬರ ತೋಟದಲ್ಲಿ ಎಲ್ಲರೂ ಇಳಿದು ಚಹಾ ಕುಡಿಯುತ್ತೇವೆ, ಯಾರ ಪರದೆಯನ್ನೂ ಯಾರೂ ಇಣುಕುವುದಿಲ್ಲ. ಮಹಾವೀರನ ತೀರ್ಪಿನ ಬಗ್ಗೆ ತಕರಾರು ಮಾಡುವ ಬಾಯಿಯೂ ನನಗಿಲ್ಲ. ಪರೀಕ್ಷೆಯಲ್ಲಿ ಮಾತಾಡಿದವರಿಗೆ ಹಿಂದಿನ ಬೆಂಚು ಎಂಬ ಕಾನೂನು ನನ್ನ ತರಗತಿಯದೇ. ಒಂಬತ್ತನೇ ಇಯತ್ತೆಯಲ್ಲಿ ವರ್ಷವಿಡೀ ಆ ಬೆಂಚಿನ ಮೇಲೆ ಕೂತವನು ಅವನೇ.