ಹೋಳಿಗೆ, ಬೀಗರು ಮತ್ತು ನನ್ನ ಹೊಟ್ಟೆಹುಣ್ಣು

ತೊಂಬತ್ತರ ದಶಕದ ಕೊನೆಯ ಮಾತು. ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಜೀರ್ಣಾಂಗಗಳ ಪಾಠವೆಂದರೆ ನನ್ನದೇ! ಬೋರ್ಡಿನ ಮೇಲೆ ಒಂದೇ ಎಳೆತಕ್ಕೆ ಜಠರ ಬರೆದು, "ನೋಡ್ರೋ, ಇಲ್ಲಿ ಆಸಿಡ್ ಇರುತ್ತೆ. ಇದ್ರಲ್ಲಿ ಯಾವ ಕ್ರಿಮಿನೂ ಬದುಕಲ್ಲ" ಎಂದು ವರ್ಷಗಟ್ಟಲೆ ಘೋಷಿಸಿದವನು. ಆದ್ದರಿಂದ ಮಗಳು ಸುಧಾಳ ಮದುವೆ ಗೊತ್ತಾದ ತಿಂಗಳಲ್ಲೇ ನನ್ನ ಹೊಟ್ಟೆ ಉರಿಯತೊಡಗಿದಾಗ ನಾನು ಎಳ್ಳಷ್ಟೂ ಹೆದರಲಿಲ್ಲ. ಹೊಟ್ಟೆ ಖಾಲಿಯಾದಾಗಲೆಲ್ಲ ಎದೆಗೂಡಿನ ಕೆಳಗೆ ಉರಿ. ಒಂದು ಬಿಸ್ಕತ್ತು ತಿಂದರೆ ಸ್ವಲ್ಪ ಹೊತ್ತು ಸಮಾಧಾನ.

"ಗ್ಯಾಸ್ ಕಣೇ" ಎಂದು ಹೆಂಡತಿ ಗಿರಿಜಾಳಿಗೆ ತೀರ್ಪು ಕೊಟ್ಟೆ.

"ಒಂದ್ಸಲ ಡಾಕ್ಟ್ರಿಗೆ ತೋರ್ಸಿ ಅಂದ್ರೆ..."

"ಸೈನ್ಸ್ ಮೇಷ್ಟ್ರು ಯಾರು, ನೀನಾ ನಾನಾ?"

ಸೋಡಾ ಕುಡಿದೆ. ತೇಗು ಬಂತು, ಉರಿ ಹೋಗಲಿಲ್ಲ. ಮದುವೆಯ ಓಡಾಟಕ್ಕೆ ಮಂಡಿನೋವು ಬೇರೆ ಹಿಡಿದಿತ್ತು. ಮೆಡಿಕಲ್ ಸ್ಟೋರಿನಲ್ಲಿ ನಾನೇ ಕೇಳಿ ತಂದ ನೋವಿನ ಮಾತ್ರೆಯನ್ನು ಬೆಳಿಗ್ಗೆ ಸಂಜೆ ನುಂಗಿದೆ. ಮಂಡಿ ಸುಧಾರಿಸಿತು. ಹೊಟ್ಟೆ ಭುಗಿಲೆಂದಿತು!

ಅಷ್ಟರಲ್ಲಿ ಕುಣಿಗಲ್ಲಿನಿಂದ ಕರೆ ಬಂತು. ಗಂಡಿನ ತಂದೆ ರುದ್ರಪ್ಪನವರು ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಮದುವೆಗೆ ಮುಂಚೆ ಒಮ್ಮೆ ಊಟಕ್ಕೆ ಬರಲೇಬೇಕಂತೆ. ಹೊರಡುವಾಗ ಗಿರಿಜಾ ಬಾಗಿಲಲ್ಲೇ ತಡೆದಳು.

"ಹೊಟ್ಟೆನೋವು ಗಿಟ್ಟೆನೋವು ಅಂತ ಅಲ್ಲಿ ಬಾಯಿ ಬಿಟ್ಟೀರಾ! ಹೆಣ್ಣಿನ ಅಪ್ಪಂಗೆ ಕಾಯಿಲೆ ಅಂದ್ರೆ ವಂಶದಲ್ಲೇ ಏನೋ ಇದೆ ಅಂತಾರೆ. ಚೇಳೂರಿನ ಸಂಬಂಧ ನಿಮ್ಮಮ್ಮನ ಉಬ್ಬಸ ನೋಡಿ ತಪ್ಪಿಹೋಗಿದ್ದು ಮರೆತ್ರಾ?"

ಮರೆತಿರಲಿಲ್ಲ. ಆಗ ಸುಧಾ ಎಷ್ಟೋ ದಿನ ಮನೆಯಿಂದ ಹೊರಗೇ ಬಂದಿರಲಿಲ್ಲ. ಈ ಹುಡುಗನನ್ನು ಅವಳು ಮನಸಾರೆ ಒಪ್ಪಿದ್ದಳು. ಅವಳ ಮುಖ ಮತ್ತೊಮ್ಮೆ ಹಾಗೆ ಬಾಡುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಕುಣಿಗಲ್ಲಿನಲ್ಲಿ ಒಂದು ಹೋಳಿಗೆ ಹೇಗೋ ಮುಗಿಸಿದೆ. ರುದ್ರಪ್ಪನವರು ಇನ್ನೊಂದನ್ನು ಹಿಡಿದು ನಿಂತಿದ್ದರು.

"ಹಾಕಿಸ್ಕೊಳಿ ಮೇಷ್ಟ್ರೇ! ನಮ್ಮನೆ ಊಟ ರುಚಿ ಇಲ್ವಾ?"

ಎರಡೂ ಕೈಯಿಂದ ಎಲೆ ಮುಚ್ಚಿದೆ. ಹೋಳಿಗೆ ಬೆರಳ ಸಂದಿಯಲ್ಲೇ ಇಳಿಯಿತು, ಹಿಂದೆಯೇ ತುಪ್ಪ! ಬೇಡವೆಂದರೆ ಅನುಮಾನ ಬರುತ್ತದೆ. ಹಲ್ಲು ಕಚ್ಚಿ ತಿಂದೆ. ಸುಮ್ಮನಿರಲಾದೀತೇ? ಅವರು ಊಟಕ್ಕೆ ಕೂತಾಗ ನಾನೂ ಅವರ ಎಲೆಗೆ ಬಲವಂತವಾಗಿ ಎರಡು ಹಾಕಿಸಿದೆ. ಅವರ ಹಣೆಯಲ್ಲಿ ಬೆವರು ಮೂಡಿತು. ಪಾಪ, ಸೆಕೆ ಎಂದುಕೊಂಡೆ.

ಅವರು ನಮ್ಮ ಮನೆಗೆ ಬಂದ ದಿನ ಉಪಚಾರದಲ್ಲಿ ಗುಬ್ಬಿ ಸೋಲಬಾರದೆಂದು ಪಣ ತೊಟ್ಟೆ. ಬಲವಂತದ ಮೇಲೆ ಬಲವಂತ! ತಿನ್ನುತ್ತಾ ತಿನ್ನುತ್ತಾ ರುದ್ರಪ್ಪನವರ ಕಣ್ಣು ಒದ್ದೆಯಾಯಿತು. ಎಂಥ ಪ್ರೀತಿಯ ಮನುಷ್ಯರು ಎಂದುಕೊಂಡು ಇನ್ನೊಂದು ಹೋಳಿಗೆ ಹಾಕಿಸಿದೆ.

ಮಾರನೆಯ ಬೆಳಿಗ್ಗೆ ಕಕ್ಕಸಿನಲ್ಲಿ ನೋಡುತ್ತೇನೆ, ಟಾರಿನಂಥ ಕಪ್ಪು. ಒಳಗೆ ಓಡಿದೆ. ಗಿರಿಜಾಳಿಗೆ ಹೇಳಿದೆ. ಅವಳು ಬೈಯಲಿಲ್ಲ. ಅದಕ್ಕೇ ನನಗೆ ಇನ್ನೂ ಹೆದರಿಕೆಯಾಯಿತು.

"ನಾಳೆನೇ ತುಮಕೂರಿಗೆ ಹೋಗಿ ತೋರ್ಸಿ. ಖಾಲಿ ಹೊಟ್ಟೇಲೇ ಹೋಗಿ, ಏನೇನ್ ಪರೀಕ್ಷೆ ಮಾಡ್ತಾರೋ. ಯಾರಾದ್ರೂ ಕೇಳಿದ್ರೆ ಒಡವೆ ತರೋಕೆ ಅನ್ನಿ" ಎಂದಳು.

ತುಮಕೂರಿನ ಹೊಟ್ಟೆ ಡಾಕ್ಟರ ಬಾಗಿಲಲ್ಲಿ ಒಂದು ಬೆಂಚು. ಪಕ್ಕದಲ್ಲಿ ಸುಡುಬಿಸಿಲಿನಲ್ಲೂ ಮಫ್ಲರ್ ಸುತ್ತಿಕೊಂಡ ಒಬ್ಬರು ಹೊಟ್ಟೆ ಹಿಡಿದು ಕೂತಿದ್ದರು. ಮಫ್ಲರ್ ಜಾರಿತು. ರುದ್ರಪ್ಪನವರು!

"ಏನ್ ಮೇಷ್ಟ್ರೇ, ಇಲ್ಲಿ?"

"ಒಡವೆ ತರೋಕೆ ಬಂದಿದ್ದೆ. ತಾವು?"

"ನಾನೂ... ಅಂಗಡಿಗೆ ಬಟ್ಟೆ ತರೋಕೆ."

ಒಳಗಿನಿಂದ ನರ್ಸಮ್ಮ ಕೂಗಿದಳು: "ಎಂಡೋಸ್ಕೋಪಿಗೆ ಬಂದಿರೋ ಇಬ್ರೂ ಬನ್ನಿ!"

ಇಬ್ಬರೂ ತಲೆ ತಗ್ಗಿಸಿಕೊಂಡು ಎದ್ದೆವು.

ಗಂಟಲಿನಿಂದ ದೀಪದ ಪೈಪು ಇಳಿಸಿ, ಜಠರದ ಒಂದು ಚೂರು ತೆಗೆದು ಹಳದಿ ಬಣ್ಣದ ಔಷಧದಲ್ಲಿ ಇಟ್ಟರು. ಅದು ಗುಲಾಬಿ ಬಣ್ಣಕ್ಕೆ ತಿರುಗಿತು.

"ಹುಣ್ಣಾಗಿದೆ. ಅಲ್ಲಿಂದ ರಕ್ತ ಜಿನುಗಿ ಮಲ ಕಪ್ಪಾಗಿರೋದು. ಕ್ಯಾನ್ಸರ್ ಥರ ಏನೂ ಕಾಣ್ತಿಲ್ಲ, ಹೆದರಬೇಡಿ" ಎಂದರು ಡಾಕ್ಟರು. ನನಗೆ ಹೋದ ಜೀವ ಬಂದಂತಾಯಿತು. "ಇದಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ. ಔಷಧ ಗುಲಾಬಿಗೆ ತಿರುಗಿದ್ದೇ ಅದಕ್ಕೆ ಸಾಕ್ಷಿ."

ಬಂದ ಜೀವದ ಜೊತೆ ಮೇಷ್ಟ್ರೂ ವಾಪಸ್ ಬಂದರು. "ಸಾಧ್ಯನೇ ಇಲ್ಲ! ಆಸಿಡ್‌ನಲ್ಲಿ ಕ್ರಿಮಿ ಬದುಕಲ್ಲ!"

"ಅದು ನಿಮ್ಮ ಪಾಠ ಕೇಳಿಲ್ಲ ಮೇಷ್ಟ್ರೇ. ಆರಾಮಾಗಿ ಬದುಕ್ತಿದೆ."

ನೋವಿನ ಮಾತ್ರೆಯ ಕಥೆ ಕೇಳಿ ಅವರು ಹಣೆ ಚಚ್ಚಿಕೊಂಡರು. ಹುಣ್ಣು ಕೆಣಕಿ ರಕ್ತ ಬರುವಂತೆ ಮಾಡಿದ್ದರಲ್ಲಿ ಅದರ ಕೈವಾಡವೂ ಇತ್ತಂತೆ. ಆಸಿಡ್ ತಗ್ಗಿಸಲು ಒಂದು, ಕ್ರಿಮಿ ಕೊಲ್ಲಲು ಎರಡು ಮಾತ್ರೆ ಬರೆದುಕೊಟ್ಟರು. ಉರಿ ನಿಂತಿತೆಂದು ನಡುವೆ ಬಿಡಕೂಡದು, ಎರಡು ವಾರ ಪೂರ್ತಿ ನುಂಗಬೇಕು. ಬೀಗರದೂ ಅದೇ ಕ್ರಿಮಿ, ಅದೇ ಮಾತ್ರೆ!

ಹೊರಗೆ ಬಂದು ನಾನು ಅವರ ಕೈ ಹಿಡಿದುಕೊಂಡೆ. "ರುದ್ರಪ್ಪನೋರೇ, ಇದನ್ನ ಮನಸ್ಸಿಗೆ ಹಚ್ಕೊಂಡು ಸುಧಾ ಮದುವೆ..."

"ಅಯ್ಯೋ ಬುಡಿ ಮೇಷ್ಟ್ರೇ! ಗಂಡಿನ ಅಪ್ಪನೇ ರೋಗಿಷ್ಟ ಅಂತ ನೀವು ಹೆಣ್ಣು ಕೊಡಲ್ಲ ಅಂದ್ಬಿಟ್ರೆ ಅಂತ ನಾನು ನಿದ್ದೆ ಮಾಡಿಲ್ಲ!"

ಆಸ್ಪತ್ರೆಯ ಮುಂದೆಯೇ ಒಪ್ಪಂದವಾಯಿತು. ಮದುವೆಯ ಊಟದಲ್ಲಿ ಒಬ್ಬರಿಗೊಬ್ಬರು ಬಲವಂತ ಮಾಡಕೂಡದು. ವಿಷಯ ಹೆಂಡಂದಿರ ಕಿವಿ ದಾಟಕೂಡದು.

ಮುಂದಿನ ವಾರ ಗುಬ್ಬಿಯ ಚೌಟ್ರಿಯಲ್ಲಿ ಮದುವೆ. ಒಪ್ಪಂದವನ್ನು ಅಕ್ಷರಶಃ ಪಾಲಿಸಿದೆವು. ಬೀಗರ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ಮೊಸರನ್ನ ಕಲಸಿದೆವು. ಅವರು ನನಗೆ ಹೋಳಿಗೆ ಹಾಕಿಸಲಿಲ್ಲ. ನಾನೂ ಅವರಿಗೆ ಹಾಕಿಸಲಿಲ್ಲ. ಪಂಕ್ತಿಗೆ ಪಂಕ್ತಿಯೇ ಊಟ ಬಿಟ್ಟು ನಮ್ಮನ್ನೇ ನೋಡಿತು!

"ಬೀಗ್ರು ಬೀಗ್ರಿಗೆ ಉಪಚಾರನೇ ಇಲ್ಲ! ಏನೋ ಜಗಳ ಆಗಿದೆ" ಎಂದು ಗಿರಿಜಾಳ ಸೋದರಮಾವ ಪಿಸುಗುಟ್ಟಿದ್ದು ಅಡುಗೆಮನೆಯವರೆಗೂ ಕೇಳಿಸಿತು. ಪಾಯಸ ಬರುವ ಹೊತ್ತಿಗೆ ಸೀರೆ ವಿಷಯಕ್ಕೆ ಮುನಿಸು ಎಂದಾಗಿತ್ತು. ಮಜ್ಜಿಗೆಯ ಹೊತ್ತಿಗೆ ಹೆಣ್ಣನ್ನು ಕರೆದುಕೊಂಡೇ ಹೋಗುವುದಿಲ್ಲವಂತೆ ಎಂದಾಗಿತ್ತು! ಕೊರಳಲ್ಲಿ ಹಾರ ಹಾಕಿಕೊಂಡೇ ಸುಧಾ ಓಡಿಬಂದಳು. ಅದೇ ಬಾಡಿದ ಮುಖ.

"ಅಪ್ಪಾ, ಏನಾಯ್ತು? ಏನ್ ಮಾಡ್ಬಿಟ್ರಿ?"

ರುದ್ರಪ್ಪನವರಿಗೆ ತಡೆಯಲಾಗಲಿಲ್ಲ. ಎಂಜಲು ಕೈಯಲ್ಲೇ ಎದ್ದು ಹೋಗಿ ವಾಲಗದವರ ಮೈಕ್ ಕಿತ್ತುಕೊಂಡರು.

"ಜಗಳ ಗಿಗಳ ಏನೂ ಇಲ್ಲ ಕಣ್ರಪ್ಪಾ! ನಂಗೂ ಮೇಷ್ಟ್ರಿಗೂ ಹೊಟ್ಟೇಲಿ ಒಂದೇ ಹುಳ! ಇಬ್ರಿಗೂ ಹುಣ್ಣು! ಮಾತ್ರೆ ನಡೀತಾ ಅದೆ!"

ಸುಧಾ ನಕ್ಕಳು. ಕಣ್ಣೀರು ಒರೆಸಿಕೊಳ್ಳುತ್ತಾ ನಕ್ಕಳು. ನನಗೆ ಅಷ್ಟು ಸಾಕಾಗಿತ್ತು. ಕೈ ತೊಳೆಯುವ ಕಡೆ ಹೋದರೆ, ಹೊಟ್ಟೆ ಉಜ್ಜಿಕೊಳ್ಳುತ್ತಾ ಡಾಕ್ಟರ ವಿಳಾಸ ಕೇಳುವವರ ಸಾಲೇ ನಿಂತಿತ್ತು. ಮುಂದೆ ನಿಂತವರು ಸೋದರಮಾವ!

ಮಾತ್ರೆ ಪೂರ್ತಿ ನುಂಗಿದೆವು, ಹುಣ್ಣು ವಾಸಿಯಾಯಿತು. ವಾಸಿಯಾಗದೆ ಉಳಿದದ್ದು ಮದುವೆಯ ವಿಡಿಯೋ ಕ್ಯಾಸೆಟ್ಟು. ಮಾಂಗಲ್ಯ ಕಟ್ಟುವಾಗ ಕ್ಯಾಮೆರಾಕ್ಕೆ ಸೋದರಮಾವನ ಬೆನ್ನು ಅಡ್ಡ. ರುದ್ರಪ್ಪನವರ ಭಾಷಣ ಮಾತ್ರ ಒಂದಕ್ಷರ ಬಿಡದೆ ಬಂದಿದೆ, ಹಿಂದೆ ಪಂಕ್ತಿಯಲ್ಲಿ ಮೊಸರನ್ನ ಹಿಡಿದು ಕೂತ ನನ್ನ ಪೆಚ್ಚುಮುಖದ ಸಮೇತ. ಯಾರೇ ನೆಂಟರು ಬರಲಿ, ಸುಧಾ ಕ್ಯಾಸೆಟ್ಟು ಹಾಕಿ ಧಾರೆಯನ್ನೆಲ್ಲ ಸರಸರನೆ ಓಡಿಸುತ್ತಾಳೆ.

"ಇರಿ ಇರಿ, ಈಗ ಬರುತ್ತೆ ನಮ್ಮಪ್ಪನ ಹೊಟ್ಟೆ!"